ಸಂಬಳವಿಲ್ಲದ ಸಿನಿಮಾಕ್ಕೆ ಹೋಗಲೇ?

ಪ್ರಶ್ನೆ: ನನಗೆ 23 ವರ್ಷ. ಊರು ಅರಸೀಕೆರೆಯ ಬಳಿ. ಅಪ್ಪನಿಗೆ ಸಣ್ಣ ತೆಂಗಿನ ತೋಟವಿದೆ. ಬೆಂಗಳೂರಿನಲ್ಲಿ ಒಂದು ಧಾರಾವಾಹಿಗೆ ಸಹಾಯಕ ನಿರ್ದೇಶಕಿಯಾಗಿದ್ದೇನೆ. ಕಂಟಿನ್ಯುಟಿ (ಉಡುಪು, ವಸ್ತುಗಳು ಶಾಟ್‌ನಿಂದ ಶಾಟ್‌ಗೆ ತಪ್ಪದಂತೆ ಇಡುವ ಟಿಪ್ಪಣಿ) ಬರೆಯುತ್ತೇನೆ, ಕಲಾವಿದರಿಗೆ ಸಂಭಾಷಣೆ ಹೇಳಿಕೊಡುತ್ತೇನೆ. ತಿಂಗಳಿಗೆ 12,000 ರೂಪಾಯಿ, ಅದೂ ತಡವಾಗಿ. ಪಿ.ಜಿ. ಬಾಡಿಗೆ ಅಪ್ಪನೇ ಕಳುಹಿಸುತ್ತಾರೆ. ನನ್ನ ನಂತರ ಸೇರಿದ ಜಯನಗರದ ಹುಡುಗನಿಗೆ ಸ್ವಂತ ಕಾರಿದೆ, ಸಂಬಳ ಕೇಳುವುದಿಲ್ಲ. ಎಡಿಟಿಂಗ್‌ಗೆ ಅವನನ್ನೇ ಕೂರಿಸುತ್ತಾರೆ. ಈಗ ಒಬ್ಬ ಸಿನಿಮಾ ನಿರ್ದೇಶಕರು ಕರೆದಿದ್ದಾರೆ. ಆರು ತಿಂಗಳು ಸಂಬಳವಿಲ್ಲ, ಟೈಟಲ್ ಕಾರ್ಡ್‌ನಲ್ಲಿ ಹೆಸರು ಹಾಕುತ್ತಾರಂತೆ. ಅಪ್ಪ ಬಿ.ಎಡ್. ಮಾಡು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಈ ಷರತ್ತಿಗೆ ಒಪ್ಪಿ ಹೋಗಬೇಡಿ.

ಸಿನಿಮಾದ ಮೇಲೆ ನಿಜವಾದ ಪ್ರೀತಿ ಇರುವವರು ದುಡ್ಡಿನ ಮಾತೆತ್ತುವುದಿಲ್ಲ ಎಂದು ಗಾಂಧಿನಗರದಲ್ಲಿ ಹೇಳುವುದುಂಟು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಊರಿನಲ್ಲಿ ಆರು ತಿಂಗಳು ಸಂಬಳವಿಲ್ಲದೆ ದುಡಿಯಬಲ್ಲವರು ಯಾರು? ಇಲ್ಲೇ ಸ್ವಂತ ಮನೆಯಿದ್ದು, ಎಷ್ಟು ಹೊತ್ತಿಗೆ ಬಂದರೂ ಊಟ ಬಡಿಸುವವರು ಇರುವವರು. ನೀವು ಒಪ್ಪಿಕೊಂಡರೆ ಆ ಸಿನಿಮಾಕ್ಕೆ ನಿಮ್ಮ ಅಪ್ಪ ತೆಂಗಿನಕಾಯಿ ಮಾರಿದ ಹಣ ಹೂಡಿದಂತಾಗುತ್ತದೆ. ನಿರ್ಮಾಪಕರ ಸಾಲಿನಲ್ಲಿ ಅವರ ಹೆಸರೇನೂ ಬರುವುದಿಲ್ಲ.

ಆ ಹುಡುಗನ ಮೇಲೆ ಮುನಿಸು ಬೇಡ. ಅವನ ಕಾರು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಮಾತ್ರ ಗಮನಿಸಿ. ಪ್ಯಾಕಪ್ ಆಗುವಾಗ ರಾತ್ರಿ ಹತ್ತು. ಹನ್ನೊಂದರ ಸುಮಾರಿಗೆ ಮೆಟ್ರೊ ನಿಲ್ಲುತ್ತದೆ, ಪಿ.ಜಿ.ಯ ಗೇಟು ಅದಕ್ಕೂ ಮೊದಲೇ ಮುಚ್ಚುತ್ತದೆ. ಅವನು ಎಡಿಟಿಂಗ್‌ಗೆ ಉಳಿಯುತ್ತಾನೆ, ನೀವು ಓಡುತ್ತೀರಿ. ಕೊನೆಗೆ ಅವನಿಗೆ ಆಸಕ್ತಿ ಹೆಚ್ಚು ಎಂಬ ಹೆಸರು ಬರುತ್ತದೆ. ಇದನ್ನು ನಿಮ್ಮ ನಿರ್ದೇಶಕರಿಗೆ ಬಾಯಿಬಿಟ್ಟು ಹೇಳಿ. ವಾರಕ್ಕೊಂದು ಹಗಲು ಎಡಿಟಿಂಗ್‌ನಲ್ಲಿ ಕೂರಲು ಬಿಡಿ, ತಡವಾದ ದಿನ ಯೂನಿಟ್ ಗಾಡಿಯಲ್ಲಿ ಪಿ.ಜಿ.ವರೆಗೆ ಬಿಡಿಸಿ ಎಂದು ಕೇಳಿ. ಎಷ್ಟೋ ನಿರ್ದೇಶಕರಿಗೆ ಇದು ತಾವಾಗಿ ಹೊಳೆಯುವುದೇ ಇಲ್ಲ.

ಕಾನೂನೂ ನಿಮ್ಮ ಕಡೆಗಿದೆ. ಸಿನಿಮಾ ಕಾರ್ಮಿಕರೊಂದಿಗೆ ಲಿಖಿತ ಒಪ್ಪಂದ ಇರಬೇಕೆಂದು 1981ರ ಕಾಯ್ದೆಯೇ ಹೇಳಿತ್ತು, ಆದರೆ ಅದು ಕಥಾಚಿತ್ರಗಳಿಗೆ ಸೀಮಿತವಾಗಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಧಾರಾವಾಹಿ, ವೆಬ್ ಸರಣಿ, ರಿಯಾಲಿಟಿ ಶೋಗಳೂ ಸೇರಿವೆ. ಕೆಲಸದ ಸ್ವರೂಪ, ವೇತನ, ಕೆಲಸದ ಅವಧಿ ಎಲ್ಲವೂ ಒಪ್ಪಂದದಲ್ಲಿ ಇರಬೇಕು. ಸೆಟ್ಟಿನಲ್ಲಿ ಕಾಯ್ದೆ ಓದಿ ಹೇಳಿದರೆ ಮರುದಿನ ಕರೆಯದೇ ಇರಬಹುದು. ಆ ಭಯ ಸುಳ್ಳಲ್ಲ. ಹಾಗಾಗಿ ಸಂಬಳ ಬಂದ ದಿನಾಂಕ, ಬಾಕಿ ಮೊತ್ತ ಬರೆದಿಡಿ, ಪ್ರೊಡಕ್ಷನ್ ಮ್ಯಾನೇಜರ್ ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಬಾಕಿ ಬೆಳೆಯುತ್ತಲೇ ಹೋದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ದೂರು ಹೊತ್ತು ಹೋಗಲು ಅವೇ ಆಧಾರ.

ಬಿ.ಎಡ್. ವಿಚಾರವನ್ನು ಇವತ್ತೇ ತೀರ್ಮಾನಿಸಬೇಕಿಲ್ಲ. ತಿಂಗಳ ಖರ್ಚು, ಬರುವ ಸಂಬಳ, ಇನ್ನೆಷ್ಟು ಕಾಲ ನೆರವು ಬೇಕು ಎಂಬುದನ್ನು ಅಪ್ಪನ ಮುಂದೆ ಇಡಿ. ಅವರು ಹೆದರಿರುವುದು ನಿಮ್ಮ ಸ್ಥಿತಿ ಗೊತ್ತಿಲ್ಲದೆ.

ಸಿನಿಮಾ ನಿರ್ದೇಶಕರಿಗೆ ಫೋನ್ ಮಾಡಿ, ಬಾಡಿಗೆ, ಊಟ, ಓಡಾಟಕ್ಕೆ ಸಾಲುವಷ್ಟು ಮೊತ್ತವನ್ನು ನೀವೇ ಮೊದಲು ಹೇಳಿ. ಒಪ್ಪಿದರೆ ಬರವಣಿಗೆಯಲ್ಲಿ ಪಡೆದು ಹೋಗಿ. ಒಪ್ಪದಿದ್ದರೆ ಧಾರಾವಾಹಿಯಲ್ಲೇ ಇದ್ದು ಬೇರೆ ತಂಡ ಹುಡುಕಿ. ದಿನಕ್ಕೊಂದು ಸಂಚಿಕೆಯ ವೇಗದಲ್ಲಿ ಕಂಟಿನ್ಯುಟಿ ತಪ್ಪದಂತೆ ನೋಡಿಕೊಂಡವರು ಯಾವ ಸಿನಿಮಾ ತಂಡಕ್ಕೂ ಬೇಕಾದವರೇ.