ಮಾರ್ಮನ್ ಚರ್ಚಿನ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ಯುವಕರು ಹೊರದೇಶಕ್ಕೆ ಧರ್ಮಪ್ರಚಾರದ ಸೇವೆಗೆ ಹೋದರೆ ಸಂಬಳ ಸಿಗುತ್ತದಾ? ದೇಶ ಅವರೇ ಆರಿಸಿಕೊಳ್ಳಬಹುದಾ?

ಸಂಬಳ ಒಂದು ಪೈಸೆಯೂ ಇಲ್ಲ. ಖರ್ಚನ್ನೂ ಅವರೇ ಹೊಂದಿಸಿಕೊಳ್ಳಬೇಕು. ಎಷ್ಟೋ ಮಕ್ಕಳು ಚಿಕ್ಕಂದಿನಿಂದಲೇ ಇದಕ್ಕೆಂದು ದುಡ್ಡು ಕೂಡಿಡುತ್ತಾರೆ. ಸಾಲದೆ ಹೋದರೆ ಮನೆಯವರು, ಚರ್ಚಿನವರು ಕೈಜೋಡಿಸುತ್ತಾರೆ. ಸೇವೆಯ ಅವಧಿ ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18.

ದೇಶ ಆರಿಸುವ ಹಾಗೂ ಇಲ್ಲ. ಅರ್ಜಿ ಹಾಕಿ ಕಾಯಬೇಕು. ಬ್ರೆಜಿಲ್ಲೋ, ಫಿಲಿಪ್ಪೀನ್ಸೋ, ಪಕ್ಕದ ರಾಜ್ಯವೋ, ಪತ್ರ ಬಂದಾಗಲೇ ಗೊತ್ತಾಗೋದು. ನೆಂಟರನ್ನೆಲ್ಲ ಸೇರಿಸಿ ಆ ಪತ್ರ ತೆರೆಯುವ ಮನೆಗಳೂ ಇವೆ. ಹೊಸ ಭಾಷೆ ಬೇಕಾದರೆ ಅಮೆರಿಕದ ಯೂಟಾದಲ್ಲಿರುವ ಪ್ರೊವೊದಂಥ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಕಲಿಸುತ್ತಾರೆ.

ಆಮೇಲೆ ಓಡಾಟವೆಲ್ಲ ಜೊತೆಗಾರರೊಂದಿಗೆ. ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ, ಅದರಲ್ಲಿ ಚರ್ಚಿನ ಹೆಸರು ಮತ್ತು ಅವರ ಮನೆತನದ ಹೆಸರು. ನನ್ನ ಮನಸ್ಸಿಗೆ ತೀರಾ ಕಷ್ಟ ಅನಿಸಿದ್ದು ಫೋನಿನ ನಿಯಮ. ಮೊದಲೆಲ್ಲ ಮನೆಗೆ ವರ್ಷಕ್ಕೆ ಎರಡೇ ಸಲ ಫೋನ್: ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಹತ್ತೊಂಬತ್ತರ ಹುಡುಗನಿಗೆ ಅದು ತೀರಾ ಕಠಿಣ ಆಯ್ತು, ಅಲ್ವಾ? 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು. ಒಳ್ಳೆಯದೇ ಆಯಿತು.

ಮುಖ್ಯ ಕೆಲಸ ಧರ್ಮಪ್ರಚಾರವೇ, ಇದು ತಿಳಿದಿರಲಿ. ಬರೀ ಸಮಾಜಸೇವೆ ಮಾಡುವವರಿಗೆ ಬೇರೆ ಸೇವಾ ಮಿಷನ್ ಇದೆ. ಅದನ್ನು ಸಾಮಾನ್ಯವಾಗಿ ತಮ್ಮ ಮನೆಯಲ್ಲೇ ಇದ್ದುಕೊಂಡು ಮಾಡುತ್ತಾರೆ.