ನೀವು ನೋಡಿದ್ರಲ್ಲ ಅಂತ ಸುಮ್ನಾದೆ

ಪ್ರಶ್ನೆ: ಮೋಟಾರ್ ರಿವೈಂಡಿಂಗ್, ಪಂಪ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಆರು ಜನ ಹುಡುಗರಿದ್ದಾರೆ. ಕೆಲಸ ಚೆನ್ನಾಗಿ ಬರುತ್ತದೆ. ಆದರೆ ಪ್ರತಿಯೊಂದಕ್ಕೂ ನನ್ನನ್ನೇ ಕೇಳುತ್ತಾರೆ. ಅರ್ಧ ದಿನ ಹೊರಗೆ ಹೋದರೆ ಫೋನ್ ಮೇಲೆ ಫೋನ್. ಬೇರಿಂಗ್ ಬದಲಿಸಬೇಕಾ, ಗಿರಾಕಿಗೆ ಏನು ಹೇಳಲಿ, ಎಲ್ಲಾ ನಾನೇ. ಇವರಿಗೆ ಜವಾಬ್ದಾರಿ ಬರೋದು ಯಾವಾಗ ಮೇಡಂ?

ಉತ್ತರ: ಪ್ರಿಂಟಿಂಗ್ ಪ್ರೆಸ್ ನಡೆಸಿದ ಮೊದಲ ಒಂಬತ್ತು ವರ್ಷ ನಾನೂ ಇದೇ ಮಾತು ಆಡಿದ್ದೇನೆ. ಫೋನ್ ಬಂದರೆ ಸಿಡುಕುತ್ತಿದ್ದೆ. ಒಂದು ಮಧ್ಯಾಹ್ನ ಫೋನೇ ಬರದಿದ್ದರೆ ನಾನೇ ಮಾಡಿ "ಏನು, ಎಲ್ಲಾ ಸರಿ ಇದೆಯಾ?" ಅಂತ ಕೇಳುತ್ತಿದ್ದೆ. ನೀವೂ ಕೇಳ್ತೀರಿ ಅಲ್ವಾ? ನಾನಿಲ್ಲದೆ ನಡೆಯಲ್ಲ ಅನ್ನೋದರಲ್ಲಿ ಒಂದು ಖುಷಿ ಇರುತ್ತದೆ. ಅದನ್ನು ಮೊದಲು ಒಪ್ಪಿಕೊಳ್ಳಿ. ಯಾರೆದುರೂ ಬೇಡ, ನಿಮ್ಮೊಳಗೇ ಸಾಕು.

ನನಗೆ ಬುದ್ಧಿ ಕಲಿಸಿದ್ದು ಒಂದು ಬಿಲ್ ಬುಕ್. ಹಳೇ ಗಿರಾಕಿ, ಐವತ್ತು ಬುಕ್ಕಿನ ಆರ್ಡರ್. ಪ್ರೂಫ್ ನಾನೇ ನೋಡಿ ಸೈನ್ ಹಾಕಿದ್ದೆ. ಪ್ರಿಂಟ್ ಆಯ್ತು, ನಂಬರಿಂಗ್ ಆಯ್ತು, ಬೈಂಡಿಂಗ್ ಆಯ್ತು, ಡೆಲಿವರಿಯೂ ಆಯ್ತು. ಮಾರನೇ ದಿನ ಅಷ್ಟೂ ವಾಪಸ್ ಬಂತು. ಫೋನ್ ನಂಬರಿನ ಕೊನೆಯ ಅಂಕಿ ತಪ್ಪು. ಯಾರು, ಎಲ್ಲಿ, ಹೇಗೆ ಅಂತ ನಾನು ಎಲ್ಲರ ಮೇಲೂ ಹಾರಾಡಿ ಮುಗಿಸಿದ ಮೇಲೆ ಕಟಿಂಗ್ ಮೆಷಿನ್‌ನವನು ಮೆಲ್ಲಗೆ ಹೇಳಿದ: "ಮೇಡಂ, ಕಟ್ ಮಾಡುವಾಗಲೇ ನನಗೆ ಡೌಟ್ ಬಂದಿತ್ತು. ಸ್ಯಾಂಪಲ್‌ಗೆ ಕೊಟ್ಟ ಹಳೇ ಬುಕ್ಕಲ್ಲಿ ಕೊನೆಗೆ ಎಂಟು ಇತ್ತು, ಇದರಲ್ಲಿ ಮೂರು. ನೀವು ನೋಡಿ ಸೈನ್ ಮಾಡಿದ್ರಲ್ಲ ಅಂತ ಸುಮ್ನಾದೆ."

ಬೈಯೋಕೆ ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಕೇಳಬೇಕಿಲ್ಲದ್ದನ್ನೆಲ್ಲ ನನ್ನ ಹತ್ತಿರ ಕೇಳುತ್ತಿದ್ದರು. ಹೇಳಲೇಬೇಕಾದ ಒಂದನ್ನು ಹೇಳಿರಲಿಲ್ಲ. ಎರಡನ್ನೂ ಕಲಿಸಿದ್ದು ನಾನೇ.

ಜಪಾನಿನ ಸಕಿಚಿ ಟೊಯೋಡಾ 1924ರಲ್ಲಿ ಒಂದು ಮಗ್ಗ ತಯಾರಿಸಿದರು. ಮುಂದೆ ಟೊಯೋಟ ಕಾರು ಕಂಪನಿ ಹುಟ್ಟಿದ್ದು ಇವರ ಮನೆತನದಿಂದಲೇ. ಈ ಮಗ್ಗದಲ್ಲಿ ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಇಷ್ಟೇ ಅನ್ನಿಸಬಹುದು. ಆದರೆ ಎಳೆ ಹರಿಯುತ್ತದೇನೋ ಅಂತ ಒಂದೊಂದು ಮಗ್ಗದ ಮುಂದೆ ಒಬ್ಬೊಬ್ಬರು ಕಣ್ಣಿಟ್ಟು ಕೂರೋದು ತಪ್ಪಿತು. ಒಬ್ಬರೇ ಎಷ್ಟೋ ಮಗ್ಗ ನೋಡಿಕೊಳ್ಳುವ ಹಾಗಾಯ್ತು. ಆಮೇಲೆ ಅವರ ಕಾರು ಕಾರ್ಖಾನೆಯಲ್ಲೂ ಇದೇ ರೂಢಿ ಬಂತು. ದೋಷ ಕಂಡರೆ ಸಾಲಿನಲ್ಲಿ ನಿಂತ ಯಾವ ಕೆಲಸಗಾರ ಬೇಕಾದರೂ ಹಗ್ಗ ಎಳೆದು ಕೆಲಸ ನಿಲ್ಲಿಸಬಹುದು.

ನೀವೀಗ ಆರು ಮಗ್ಗದ ಮುಂದೆ ಒಟ್ಟಿಗೇ ಕೂತಿದ್ದೀರಿ.

ಒಂದು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರು ಏನೇ ಕೇಳಲಿ, ಒಂದು ಸಾಲು ಬರೆಯಿರಿ. ನಾನು ಬರೆದಾಗ ಪುಟಗಟ್ಟಲೆ ತುಂಬಿತು, ಆದರೆ ತಿರುಗಿ ಓದಿದರೆ ಅವೇ ನಾಲ್ಕೈದು ಪ್ರಶ್ನೆ. ಪ್ರತಿ ಸಲವೂ ಅದೇ ಉತ್ತರ ಕೊಟ್ಟಿದ್ದೆ. ಅಂದರೆ ನಿಯಮ ಇತ್ತು, ನನ್ನ ತಲೆಯಲ್ಲಿ ಮಾತ್ರ ಇತ್ತು. ಅವನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ನೀವೂ ಬರೆಯಿರಿ. ಬೇರಿಂಗ್ ಸದ್ದು ಮಾಡಿದರೆ, ಸಡಿಲವಾಗಿ ಅಲ್ಲಾಡಿದರೆ ಬದಲಿಸಿ, ನನ್ನನ್ನು ಕೇಳಬೇಡಿ. ಗಿರಾಕಿಗೆ ಹೇಳಿದ ಮೊತ್ತದೊಳಗೆ ಮುಗಿಯುತ್ತದಾ, ಮಾಡಿ.

ಅದರ ಪಕ್ಕದಲ್ಲೇ ಎಳೆ ಹರಿಯುವ ಜಾಗಗಳನ್ನೂ ಬರೆಯಿರಿ. ಖರ್ಚು ಹೇಳಿದ್ದಕ್ಕಿಂತ ಜಾಸ್ತಿ ಆಗುತ್ತದೆ ಅನ್ನಿಸಿದರೆ ಕೆಲಸ ನಿಲ್ಲಿಸಿ ಫೋನ್ ಮಾಡಿ. ಕರೆಂಟ್ ಸೋರುತ್ತದಾ ಅಂತ ಪರೀಕ್ಷಿಸುವ ಮೆಗ್ಗರ್ ಮೀಟರ್‌ನಲ್ಲಿ ರೀಡಿಂಗ್ ಕಡಿಮೆ ಬಂದರೆ ಮೋಟಾರ್ ಹೊರಗೆ ಹೋಗಬಾರದು, ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಸರಿ, ಕಳಿಸಿ ಅಂತ ನಾನೇ ಹೇಳಿದ್ದರೂ ಸರಿ. ಈ ಕೊನೆಯ ಮಾತು ಬಿಡಬೇಡಿ.

ಬರೆಯೋದು ಸುಲಭ, ಆಮೇಲೆ ಬಾಯಿ ಕಟ್ಟೋದು ಕಷ್ಟ. ಬಿಲ್ ಬುಕ್ಕಿನ ಪ್ರಸಂಗ ಆದ ಮೇಲೆ ಒಬ್ಬ ಹುಡುಗ ಇಂಕ್ ಕಲೆ ಕಂಡಿತು ಅಂತ ಮೆಷಿನ್ ನಿಲ್ಲಿಸಿದ. ಹೋಗಿ ನೋಡಿದರೆ ಕಲೆ ಇದ್ದದ್ದು ಕಾಗದದ ಮೇಲಲ್ಲ, ಅವನ ಬೆರಳಲ್ಲಿ! ಅರ್ಜೆಂಟ್ ಜಾಬು ಬೇರೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು "ನಿಲ್ಲಿಸಿದ್ದು ಒಳ್ಳೇದಾಯ್ತು, ಕೈ ಒರೆಸಿಕೊಂಡು ಶುರು ಮಾಡು" ಅಂದೆ. ಆವತ್ತು ನಾನು ರೇಗಿದ್ದರೆ ಆಮೇಲೆ ಯಾರೂ ಮೆಷಿನ್ ನಿಲ್ಲಿಸುತ್ತಿರಲಿಲ್ಲ.

ಇನ್ನು ಫೋನ್ ಬಂದರೆ "ನಿನಗೇನನ್ನಿಸುತ್ತೆ?" ಅಂತ ಕೇಳಿ ಸುಮ್ಮನಿರಿ. ಮೊದಮೊದಲು ಆ ಕಡೆಯಿಂದಲೂ ಮೌನವೇ ಬರುತ್ತದೆ. ಕಾಯಿರಿ.

ಪ್ರಶ್ನೆ: ನನ್ನದು ಎಸಿ ಸರ್ವೀಸ್. ಕೆಲಸ ಮುಗಿಸುವ ಮುಂಚೆ ನೋಡಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಇಪ್ಪತ್ತು ವರ್ಷ ಅನುಭವ ಇರುವ ಮೆಕ್ಯಾನಿಕ್ ಮುನಿಸಿಕೊಂಡಿದ್ದಾರೆ. "ನನಗೇ ಚೀಟಿನಾ?" ಅಂತಾರೆ.

ಉತ್ತರ: ಅವರಿಗೆ ಈ ಕಥೆ ಹೇಳಿ. 1935ರ ಅಕ್ಟೋಬರ್ 30ರಂದು ಅಮೆರಿಕದ ಸೇನೆಯ ಮುಂದೆ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ಹಾರಿತು. ನಾಲ್ಕು ಎಂಜಿನ್‌ನ ದೊಡ್ಡ ವಿಮಾನ, ಪಳಗಿದ ಪೈಲಟ್‌ಗಳು. ವಿಮಾನ ನೆಲದ ಮೇಲಿದ್ದಾಗ ಬಾಲದ ಭಾಗಗಳು ಗಾಳಿಗೆ ಅಲ್ಲಾಡದಿರಲಿ ಅಂತ ಹಾಕುವ ಲಾಕನ್ನು ತೆಗೆಯೋದು ಮರೆತಿದ್ದರು. ಮೇಲೇರಿದ ಸ್ವಲ್ಪ ಹೊತ್ತಿಗೇ ವಿಮಾನ ಬಿತ್ತು, ಇಬ್ಬರು ತೀರಿಕೊಂಡರು. ಅದಾದ ಮೇಲೆ ಪೈಲಟ್‌ಗಳೇ ಕೂತು ಚೆಕ್‌ಲಿಸ್ಟ್ ಮಾಡಿಕೊಂಡರು. ಹೊಸಬ ಮರೆಯೋದು ಗೊತ್ತಿಲ್ಲದೆ, ಪಳಗಿದವರು ಮರೆಯೋದು ಗೊತ್ತಿದ್ದೂ.

ಆದರೆ ತಪ್ಪು ನಿಮ್ಮದೂ ಇದೆ. ಚೀಟಿ ಬರೆದವರು ನೀವು. ಅದನ್ನು ಹರಿದು ಹಾಕಿ, ಖಾಲಿ ಹಾಳೆ ಅವರ ಕೈಗೆ ಕೊಡಿ. "ಹುಡುಗರು ಏನೇನು ಮರೀತಾರೆ, ನೀವೇ ಬರೆದುಕೊಡಿ" ಅನ್ನಿ. ನಿಮ್ಮದಕ್ಕಿಂತ ಎರಡು ಸಾಲು ಜಾಸ್ತಿಯೇ ಬರೆದಾರು.

ಪ್ರಶ್ನೆ: ನಾಯಕತ್ವದ ತರಬೇತಿಗೆ ಸೇರೋಣ ಅಂತಿದ್ದೇನೆ. ಅದಕ್ಕೂ ಮುಂಚೆ ಏನಾದರೂ ತಯಾರಿ ಬೇಕಾ?

ಉತ್ತರ: ನಿಮ್ಮಲ್ಲಿ ಕೆಲಸ ಬಿಟ್ಟು ಹೋದ ಒಬ್ಬರಿಗೆ ಫೋನ್ ಮಾಡಿ, ಯಾಕೆ ಬಿಟ್ಟಿರಿ ಅಂತ ಕೇಳಿ. ಏನು ಹೇಳಿದರೂ ವಾದ ಮಾಡಬೇಡಿ. ನಾನು ಕೇಳಿದ್ದು ಡಿಟಿಪಿ ಮಾಡುತ್ತಿದ್ದ ಹುಡುಗಿಯನ್ನು. ಸಂಬಳ ಅಂತಾಳೆ ಅಂದುಕೊಂಡಿದ್ದೆ. "ಪ್ರೂಫ್ ನೋಡುವಾಗ ನನ್ನ ಹಿಂದೆ ನಿಂತು ಕುರ್ಚಿ ಬೆನ್ನಿಗೆ ಪೆನ್ನಿಂದ ಟಕ್ ಟಕ್ ಅಂತ ಕುಟ್ಟುತ್ತಿದ್ರಿ ಮೇಡಂ" ಅಂದಳು. ಎರಡು ವರ್ಷ ಕುಟ್ಟಿದ್ದೇನೆ. ನನಗೆ ಗೊತ್ತೇ ಇರಲಿಲ್ಲ.