ನಾಲ್ಕು ಮಕ್ಕಳು 40 ದಿನ ಅಮೆಜಾನ್ ಕಾಡಿನಲ್ಲಿ ಉಳಿದದ್ದು ಬರೀ ಅದೃಷ್ಟವೇ?

ವಿಮಾನ ಬಿದ್ದು ದೊಡ್ಡವರೆಲ್ಲ ತೀರಿಕೊಂಡ ಮೇಲೂ ನಾಲ್ಕು ಮಕ್ಕಳು 40 ದಿನ ಅಮೆಜಾನ್ ಕಾಡಿನಲ್ಲಿ ಬದುಕಿದ್ದು ನಿಜವೇ, ನಿಜವಾದರೆ ಅದು ಬರೀ ಅದೃಷ್ಟವೇ ಅಂತ ಕೇಳಿದ್ದೀರಿ. ಪೂರ್ತಿ ನಿಜ. ಆ ದಿನಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನಾನು ಹುಡುಕುತ್ತಿದ್ದದ್ದು ಇದೇ ಸುದ್ದಿಯನ್ನು.

2023ರ ಮೇ 1. ಕೊಲಂಬಿಯಾದ ಅರರಾಕ್ವಾರಾದಿಂದ ಸ್ಯಾನ್ ಹೋಸೆ ದೆಲ್ ಗ್ವಾವಿಯಾರೆಗೆ ಹೊರಟಿದ್ದ ಸಣ್ಣ ಸೆಸ್ನಾ 206 ವಿಮಾನದ ಇಂಜಿನ್ ಕೈಕೊಟ್ಟಿತು. ವಿಮಾನ ಮೂತಿ ಕೆಳಗಾಗಿ ಕಾಡಿಗೆ ಬಿತ್ತು. ಪೈಲಟ್, ಮಕ್ಕಳ ಅಮ್ಮ, ಇನ್ನೊಬ್ಬ ಪ್ರಯಾಣಿಕರು ತೀರಿಕೊಂಡರು. ಉಳಿದವರು 13 ವರ್ಷದ ಅಕ್ಕ, 9 ವರ್ಷದ ತಂಗಿ, 4 ವರ್ಷದ ತಮ್ಮ, 11 ತಿಂಗಳ ಕೂಸು. ಅದೃಷ್ಟ ಅಂತ ನಾನು ಒಪ್ಪುವುದು ಎರಡೇ. ಮಕ್ಕಳು ಹಿಂದೆ ಕೂತಿದ್ದರು. ಆ ಹೊತ್ತಿಗೆ ಕಾಡಿನಲ್ಲಿ ಹಣ್ಣು ಬಿಡುವ ಕಾಲ ನಡೆಯುತ್ತಿತ್ತು.

ಆದರೆ ಹಣ್ಣು ಇದ್ದರೆ ಸಾಕಾ? ಅಲ್ಲಿ ವಿಷದ ಹಣ್ಣುಗಳೂ ಜಾಸ್ತಿ. ಈ ಮಕ್ಕಳು ಹುಯಿಟೊಟೊ ಅನ್ನುವ ಮೂಲನಿವಾಸಿ ಜನಾಂಗದವರು. ಕಾಡು, ಹೊಳೆ ನೋಡುತ್ತಲೇ ಬೆಳೆದವರು. ಯಾವುದನ್ನು ತಿನ್ನಬೇಕು, ಯಾವುದನ್ನು ಮುಟ್ಟಬಾರದು ಅಂತ ಅಕ್ಕನಿಗೆ ಗೊತ್ತಿತ್ತು. ಮನೆಯಲ್ಲಿ ಆಟ ಆಡುವಾಗ ಪುಟ್ಟ ಗುಡಿಸಲು ಕಟ್ಟುತ್ತಿದ್ದಳು ಅಂತ ಅವಳ ಮನೆಯವರು ಹೇಳಿದ್ದಾರೆ. ಕಾಡಿನಲ್ಲೂ ಅದನ್ನೇ ಮಾಡಿದಳು. ವಿಮಾನದಿಂದ ಸುಮಾರು 3 ಕೆಜಿ ಫಾರಿನ್ಯಾ, ಅಂದರೆ ಹುರಿದ ಮರಗೆಣಸಿನ ಹಿಟ್ಟು, ತೆಗೆದುಕೊಂಡಳು. ಒಣ ಹಿಟ್ಟಾದ್ದರಿಂದ ಬೇಗ ಕೆಡುವುದಿಲ್ಲ. ಟಾರ್ಪಾಲು, ಟಾರ್ಚ್ ಕೂಡ ಜೊತೆಗೆ ಇಟ್ಟುಕೊಂಡಳು. ಹಿಟ್ಟು ಮುಗಿದ ಮೇಲೆ ಕಾಡಿನ ಹಣ್ಣು, ಬೀಜಗಳೇ ಗತಿ.

ನಾನೂ ಮನೆಗೆ ಹಿರಿಯಳು. ತಂಗಿ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತೇ ಬೆಳೆದವಳು. ಹನ್ನೊಂದು ತಿಂಗಳ ಮಗುವನ್ನು ಒಂದು ರಾತ್ರಿ ಸಮಾಧಾನ ಮಾಡುವುದು ಎಷ್ಟು ಕಷ್ಟ ಅಂತ ಗೊತ್ತು. ಇವಳು ಮಳೆಯಲ್ಲಿ, ಅಮ್ಮ ಇಲ್ಲದೆ, ನಲವತ್ತು ರಾತ್ರಿ ಮಾಡಿದಳು. ಕಾಡಿನಲ್ಲೇ ಆ ಕೂಸಿಗೆ ಒಂದು ವರ್ಷ ತುಂಬಿತು. ತಮ್ಮನಿಗೆ ಐದು. ಇದನ್ನು ಅದೃಷ್ಟ ಅಂತ ಕರೆದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಹುಡುಕಾಟವೂ ಸುಲಭದ್ದಲ್ಲ. ವಿಮಾನ ಸಿಗುವುದಕ್ಕೇ ಎರಡು ವಾರ ಹಿಡಿಯಿತು. ಮಕ್ಕಳು ಒಂದೇ ಕಡೆ ಇರದೆ ನಡೆಯುತ್ತಲೇ ಇದ್ದರು. ಮಗುವಿನ ಹಾಲಿನ ಬಾಟಲಿ, ಕತ್ತರಿ, ಕಚ್ಚಿಬಿಟ್ಟ ಹಣ್ಣು, ಹೆಜ್ಜೆ ಗುರುತು ಸಿಗುತ್ತಿದ್ದವು, ಮಕ್ಕಳು ಮಾತ್ರ ಇಲ್ಲ. ಅಲ್ಲಿಂದ ಕದಲಬೇಡಿ ಅಂತ ಅಜ್ಜಿ ತಮ್ಮ ಭಾಷೆಯಲ್ಲಿ ಹೇಳಿದ ಮಾತನ್ನು ಧ್ವನಿಮುದ್ರಣ ಮಾಡಿ ಹೆಲಿಕಾಪ್ಟರ್‌ನಿಂದ ಕಾಡಿನ ಮೇಲೆ ಕೇಳಿಸಿದರು. ಸೈನಿಕರ ಜೊತೆ ಮೂಲನಿವಾಸಿಗಳೂ ಹೆಗಲು ಕೊಟ್ಟರು. ಕೊನೆಗೆ ಜೂನ್ 9ರಂದು ಮಕ್ಕಳನ್ನು ಕಂಡಿದ್ದು ಆ ಮೂಲನಿವಾಸಿಗಳೇ, ವಿಮಾನ ಬಿದ್ದ ಜಾಗದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ. ಅಕ್ಕ ಕೂಸನ್ನು ಎತ್ತಿಕೊಂಡೇ ಓಡಿ ಬಂದು "ಹಸಿವಾಗ್ತಿದೆ" ಅಂದಳು ಅಂತ ಅವರಲ್ಲೊಬ್ಬರು ಆಮೇಲೆ ಹೇಳಿದರು.

ಇನ್ನೊಂದು ವಿಷಯ, ಇದನ್ನು ಹೇಳದೆ ಇರೋಕೆ ಆಗಲ್ಲ. ಮಕ್ಕಳನ್ನು ಹುಡುಕಲು ಹೋದ ವಿಲ್ಸನ್ ಅನ್ನುವ ಸೇನೆಯ ನಾಯಿ ಕಾಡಿನಲ್ಲಿ ತಪ್ಪಿಹೋಯಿತು. ಅದು ಕೆಲವು ದಿನ ತಮ್ಮ ಜೊತೆಗಿತ್ತು ಅಂತ ಮಕ್ಕಳು ಹೇಳಿದರಂತೆ. ಮಕ್ಕಳು ಸಿಕ್ಕ ಮೇಲೂ ಸೈನಿಕರು ಅದಕ್ಕಾಗಿ ಹುಡುಕಿದರು, ಸಿಗಲಿಲ್ಲ. ಬೊಗೋಟಾದ ಸೇನಾ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ದೊಡ್ಡ ಹುಡುಗಿಯರಿಬ್ಬರೂ ವಿಲ್ಸನ್‌ನ ಚಿತ್ರ ಬರೆದುಕೊಟ್ಟರು.